ಹಳದಿ ಪಟ್ಟಿ ಬಿಚ್ಚಿದ ದಿನ

"ಬಿಡ್ರೀ ಆ ಕೈನ!"

ವಾರ್ಡಿನ ಎಂಟೂ ಮಂಚದವರು ತಿರುಗಿ ನೋಡಿದರು. ಮಹೇಂದ್ರ ಬೆಚ್ಚಿ ನಿಂತ.

ಅವನು ಮಾಡುತ್ತಿದ್ದದ್ದು ಅಂಥ ಪಾಪವೇನೂ ಅಲ್ಲ. ಲಕ್ವ ಹೊಡೆದ ಅಪ್ಪ ಲಿಂಗಯ್ಯನನ್ನು ಕೂರಿಸಲು ಕಂಕುಳಿಗೆ ಕೈ ಕೊಟ್ಟು ಎತ್ತುತ್ತಿದ್ದ, ಅಷ್ಟೇ. ಆದರೆ ಅವನು ಎಳೆಯುತ್ತಿದ್ದದ್ದು ಸ್ವಾಧೀನವಿಲ್ಲದ ಬಲಗೈಯನ್ನು.

"ಹಿಂಗೆ ಎಳುದ್ರೆ ತೋಳಿನ ಕೀಲು ಜಾರುತ್ತೆ. ಆಮೇಲೆ ನೋವು ತಿನ್ನೋರು ಅವರು, ನೀವಲ್ಲ," ಅಂದಳು ನರ್ಸ್ ಪ್ರಮೀಳಾ.

"ನಮ್ಮಪ್ಪನ್ನ ಮುಟ್ಟಕ್ಕೂ ನಿಮ್ಮ ಪರ್ಮಿಷನ್ ಬೇಕಾ ಸಿಸ್ಟರ್?"

"ಬೇಕು."

ಹೀಗೆ ಶುರುವಾಯಿತು ನೋಡಿ. ಜಗಳದಲ್ಲೇ.

ಸರಗೂರಿನ ಹೊರಗಿದ್ದ ಆ ಆಸ್ಪತ್ರೆಗೆ ಬರುವವರೆಲ್ಲ ದೊಡ್ಡ ಗಂಡಾಂತರ ದಾಟಿದವರೇ. ಜೀವ ಉಳಿದಿರುತ್ತದೆ, ಕೈಕಾಲು ಮಾತು ಕೇಳುವುದಿಲ್ಲ. ತಿಂಗಳುಗಟ್ಟಲೆ ಅಲ್ಲಿದ್ದು ಕೂರುವುದನ್ನು, ನಿಲ್ಲುವುದನ್ನು ಮಗುವಿನ ಹಾಗೆ ಮೊದಲಿಂದ ಕಲಿಯಬೇಕು. ಮನೆಯವರೂ ಕಲಿಯಬೇಕು.

ಮಹೇಂದ್ರ ಕಲಿತ. ಬೀಚನಹಳ್ಳಿ ಡ್ಯಾಮಿನಲ್ಲಿ ಅವನ ಕೆಲಸ. ಗಂಟೆಗೊಮ್ಮೆ ನೀರಿನ ಮಟ್ಟ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು, ಹೇಳಿದಾಗ ಗೇಟು ಎತ್ತುವುದು. ಡ್ಯೂಟಿ ಮುಗಿದ ಕೂಡಲೇ ಬಸ್ಸು ಹತ್ತಿ ಬಂದು ಅಪ್ಪನ ಗಾಲಿಕುರ್ಚಿ ಹಿಡಿಯುತ್ತಿದ್ದ.

"ಬ್ರೇಕ್ ಹಾಕಿದ್ರಾ?" ಪ್ರತಿಸಲವೂ ಪ್ರಮೀಳಾಳ ಅದೇ ಪ್ರಶ್ನೆ.

"ಹಾಕ್ದೆ ಕಣ್ರೀ. ನಿದ್ದೇಲೂ ಹಾಕ್ತೀನಿ ಈಗ."

ಒಂದು ದಿನ ಡಬ್ಬಿ ತುಂಬ ಬೇಯಿಸಿದ ಸೊಗಡವರೆ ತಂದುಕೊಟ್ಟ. "ಅವ್ವ ಕೊಡು ಅಂದ್ಲು," ಅಂದ. ಅವನ ಅವ್ವ ಯಶೋದಮ್ಮ ಹದಿನೈದು ದಿನದಿಂದ ಅದೇ ವಾರ್ಡಿನಲ್ಲಿ ಗಂಡನ ಪಕ್ಕ ಕೂತಿದ್ದಾಳೆ, ಬೇಯಿಸಿದ್ದು ಯಾವಾಗ ಅಂತ ಪ್ರಮೀಳಾ ಕೇಳಲಿಲ್ಲ. ಅವನು ತನ್ನನ್ನು ಸಿಸ್ಟರ್ ಅನ್ನುವುದು ಬಿಟ್ಟು ಎಷ್ಟು ದಿನವಾಯಿತು ಅಂತ ಮಾತ್ರ ಮನಸ್ಸಿನಲ್ಲೇ ಎಣಿಸಿದಳು.

*ಇದು ಬೇಡ ಪ್ರಮೀಳಾ... ಇವರೆಲ್ಲ ವಾಸಿಯಾಗಿ ಊರಿಗೆ ಹೋಗೋರು.*

ಇಪ್ಪತ್ತೆರಡನೇ ದಿನ ಲಿಂಗಯ್ಯ ಕಂಬಿ ಹಿಡಿದು ನಾಲ್ಕು ಹೆಜ್ಜೆ ಇಟ್ಟ. ಯಶೋದಮ್ಮ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

ಅವತ್ತೇ ಎಲ್ಲ ಕೆಟ್ಟಿತು.

ಬೀಳುವ ಭಯವಿರುವ ರೋಗಿಗಳ ಮಣಿಕಟ್ಟಿಗೆ ಆ ವಾರ್ಡಿನಲ್ಲಿ ಹಳದಿ ಬಟ್ಟೆಯ ಪಟ್ಟಿ ಕಟ್ಟುತ್ತಿದ್ದರು. ಪಟ್ಟಿ ಕಂಡರೆ ಯಾರೂ ಆ ರೋಗಿಯನ್ನು ಒಂಟಿಯಾಗಿ ಬಿಡುವಂತಿಲ್ಲ. ಮೊದಲ ದಿನ ಲಿಂಗಯ್ಯನಿಗೆ ಅದನ್ನು ಕಟ್ಟಿದವಳು ಪ್ರಮೀಳಾಳೇ. ಕಟ್ಟುವಾಗ ಇನ್ನೊಂದು ಮಂಚದಿಂದ ಕರೆ ಬಂತು, ಓಡಿದಳು. ಯಾಕೆ ಕಟ್ಟಿದ್ದು ಅಂತ ಹೇಳಲೇ ಇಲ್ಲ.

ಯಶೋದಮ್ಮ ತನಗೆ ತಿಳಿದ ಹಾಗೆ ತಿಳಿದುಕೊಂಡಳು. ಅರಿಸಿನದ ಬಣ್ಣದ ಬಟ್ಟೆ, ಕಾಯಿಲೆಯವನ ಕೈ... ಇನ್ನೇನಿರುತ್ತೆ? ಹರಕೆ. ಗಂಡ ಹೆಜ್ಜೆ ಇಟ್ಟ, ಹರಕೆ ಕೈಗೂಡಿತು. ಪಟ್ಟಿ ಬಿಚ್ಚಿ ಕಣ್ಣಿಗೊತ್ತಿಕೊಂಡು, ಬೆಟ್ಟದ ಚಿಕ್ಕದೇವಮ್ಮನಿಗೆ ಒಪ್ಪಿಸಬೇಕೆಂದು ಗಂಟು ಕಟ್ಟಿಟ್ಟಳು.

ಎರಡು ಗಂಟೆಗೆ ಪ್ರಮೀಳಾಳ ಡ್ಯೂಟಿ ಮುಗಿಯಿತು. ಮೂರಕ್ಕೆ ಹೊಸ ಆಯಾ ಲಿಂಗಯ್ಯನನ್ನು ಶೌಚಕ್ಕೆ ಕರೆದೊಯ್ದಳು. ಕೈಯಲ್ಲಿ ಪಟ್ಟಿ ಇಲ್ಲ, ಅಂದರೆ ಭಯವಿಲ್ಲ. ಕೂರಿಸಿ, ಬಾಗಿಲು ಮುಂದೆ ಮಾಡಿ ಹೋದಳು.

ಲಿಂಗಯ್ಯ ತಾನೇ ಏಳಲು ಹೋಗಿ ಬಿದ್ದ. ಸೊಂಟದ ಮೂಳೆ ಮುರಿಯಿತು. ಇನ್ನು ನಡೆಯುವುದು ಕಷ್ಟ ಅಂದರು ಡಾಕ್ಟರು.

"ಮನೆಯವರೇ ಪಟ್ಟಿ ಬಿಚ್ಚಿದ್ರು ಅಂತ ರಿಪೋರ್ಟ್ ಬರಿ. ಸುಳ್ಳಲ್ವಲ್ಲ," ಅಂದರು ಮೇಲ್ವಿಚಾರಕರು, ಪ್ರಮೀಳಾಳನ್ನು ಕರೆಸಿ.

ಸುಳ್ಳಲ್ಲ. ಅರ್ಧ ನಿಜ. ಪ್ರಮೀಳಾ ಅದನ್ನು ಬರೆದಳು, ಕೆಳಗೆ ಇನ್ನೊಂದು ಸಾಲು ಸೇರಿಸಿದಳು: 'ಪಟ್ಟಿ ಯಾಕೆಂದು ನಾನು ಅವರಿಗೆ ತಿಳಿಸಿರಲಿಲ್ಲ.'

ಮೇಲ್ವಿಚಾರಕರು ಮಹೇಂದ್ರನಿಗೆ ಹೇಳಿದ್ದು ಮೊದಲ ಸಾಲನ್ನು ಮಾತ್ರ.

ಮೈಸೂರಿಗೆ ಹೊರಟ ಆಂಬುಲೆನ್ಸಿನ ಬಾಗಿಲಲ್ಲಿ ಅವನು ಅವಳನ್ನು ನೋಡಿದ ನೋಟ... ಅದನ್ನು ಹೇಗೆ ಹೇಳಲಿ.

"ನಿಮ್ಮ ಕೆಲ್ಸ ಉಳಿಸ್ಕಳಕ್ಕೆ ನಮ್ಮವ್ವನ ತಲೆ ಮೇಲೆ ಹಾಕ್ಬುಟ್ರಲ್ಲ."

"ಪೂರ್ತಿ ಕೇಳಿ ಮಹೇಂದ್ರ..."

"ಕೇಳಿದ್ದು ಸಾಕು ಕಣ್ರೀ." ಬಾಗಿಲು ಮುಚ್ಚಿತು.

ಮೂರು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ನಾಲ್ಕನೇ ಸಲ ಮಾಡಲು ಅವಳಿಗೆ ಮುಖವಿರಲಿಲ್ಲ. *ಕೋಪ ಮಾಡ್ಕೊಂಡದ್ದರಲ್ಲಿ ತಪ್ಪೇನಿದೆ? ಒಂದು ಮಾತು. ಒಂದೇ ಒಂದು ಮಾತು ಹೇಳಿದ್ದಿದ್ರೆ...* ಗಾಲಿಕುರ್ಚಿಯ ಬ್ರೇಕು ಸದ್ದು ಮಾಡಿದಾಗಲೆಲ್ಲ ಅವಳು ಬಾಗಿಲ ಕಡೆ ನೋಡುತ್ತಿದ್ದಳು. ಮೂರು ತಿಂಗಳು ಹೀಗೇ ಕಳೆಯಿತು.

ಒಂದು ಬೆಳಿಗ್ಗೆ ಮಹೇಂದ್ರ ಬಂದ. ಆಸ್ಪತ್ರೆಯಿಂದ ಎರವಲು ಕೊಟ್ಟಿದ್ದ ವಾಕರ್ ಹಿಂದಿರುಗಿಸಲು. ಹಾಸಿಗೆ ಹಿಡಿದ ಅಪ್ಪನಿಗೆ ಅದು ಇನ್ನು ಬೇಕಾಗಿರಲಿಲ್ಲ.

ವಾರ್ಡಿನ ಬಾಗಿಲಲ್ಲಿ ಪ್ರಮೀಳಾಳ ದನಿ ಕೇಳಿ ಅವನು ನಿಂತ. ಹೊಸ ರೋಗಿಯ ಹೆಂಡತಿ ರುಕ್ಮಿಣಮ್ಮನ ಎದುರು ಅವಳು ಕೂತಿದ್ದಳು.

"ಇದು ಹರಕೆ ಬಟ್ಟೆ ಅಲ್ಲಮ್ಮ. ಇದು ಕೈಲಿರೋವರ್ಗೂ ಅವರನ್ನ ಒಬ್ಬರನ್ನೇ ಬಿಡಂಗಿಲ್ಲ. ಹಿಂದೆ ಒಬ್ಬ ತಾಯಿಗೆ ನಾನು ಇದನ್ನ ಹೇಳ್ಲಿಲ್ಲ. ಅವರ ಯಜಮಾನ್ರು ಬಿದ್ದರು. ತಪ್ಪು ಆ ತಾಯಿದಲ್ಲ, ನಂದು. ಅದಕ್ಕೇ ಎಲ್ಲರಿಗೂ ಹೇಳ್ತೀನಿ. ಈಗ ನೀವು ನಂಗೆ ತಿರುಗಿ ಹೇಳಿ, ಇದು ಯಾಕೆ?"

ರುಕ್ಮಿಣಮ್ಮ ತಡವರಿಸುತ್ತ ಹೇಳಿದಳು. ಪ್ರಮೀಳಾ ಆಮೇಲೆ ಪಟ್ಟಿ ಕಟ್ಟಿದಳು. ಎದ್ದು ತಿರುಗಿದರೆ ಬಾಗಿಲಲ್ಲಿ ಅವನು.

"ರಿಪೋರ್ಟಲ್ಲಿ ಇದೂ ಬರ್ದಿದ್ರಾ?"

"ಎರಡನೇ ಸಾಲು."

"ನಂಗೆ ಒಂದೇ ಸಾಲು ಹೇಳುದ್ರು."

"ನೀವೂ ಒಂದೇ ಸಾಲು ಕೇಳುದ್ರಿ."

ಮಹೇಂದ್ರ ತಲೆ ತಗ್ಗಿಸಿದ. "ಡ್ಯಾಮಲ್ಲಿ ಪೂರ್ತಿ ರೀಡಿಂಗ್ ನೋಡ್ದೆ ಗೇಟಿಗೆ ಕೈ ಹಾಕಲ್ಲ ನಾನು. ನಿಮ್ ವಿಷ್ಯದಲ್ಲಿ ಹಾಕ್ಬುಟ್ಟೆ." ವಾಕರನ್ನು ಗೋಡೆಗೆ ಒರಗಿಸಿ ಅಂದ, "ಅವ್ವ ಸರಿಯಾಗಿ ಉಣ್ತಿಲ್ಲ. ನಾನೇ ಬೀಳಿಸ್ದೆ ಅಂತ ಕೊರಗ್ತಾಳೆ. ಈಗ ಆ ಅಮ್ಮಂಗೆ ಹೇಳಿದ್ರಲ್ಲ... ಅದನ್ನ ಬಂದು ನಮ್ಮವ್ವಂಗೆ ಒಂದ್ಸಲ ಹೇಳ್ತೀರಾ?"

ಭಾನುವಾರ ಅವಳು ಬೀಚನಹಳ್ಳಿಯ ಬಸ್ಸು ಹತ್ತಿದಳು.

ಲಿಂಗಯ್ಯ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಯಶೋದಮ್ಮ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಪ್ರಮೀಳಾ ಅವಳೆದುರು ನೆಲದ ಮೇಲೆ ಕೂತಳು.

"ಅವ್ವಾ, ಆ ಪಟ್ಟಿ ಯಾಕೆ ಅಂತ ನಾನು ಹೇಳಿದ್ದಿದ್ರೆ ನೀವು ಬಿಚ್ತಿದ್ರಾ?"

"ಅಯ್ಯೋ, ಎಂಗ್ ಬಿಚ್ಲವ್ವ? ಕೈಯಾರೆ ಯಾರಾದ್ರೂ..."

"ಹಂಗಾದ್ರೆ ಬೀಳಿಸಿದ್ದು ನೀವಲ್ಲ. ಹೇಳಬೇಕಾದೋಳು ನಾನು. ಹೇಳ್ಲಿಲ್ಲ."

ಯಶೋದಮ್ಮ ಬಹಳ ಹೊತ್ತು ಅತ್ತಳು. ಆಮೇಲೆ ಎದ್ದು ದೇವರ ಗೂಡಿನಿಂದ ಗಂಟು ತಂದು ಬಿಚ್ಚಿದಳು. ಹಳದಿ ಪಟ್ಟಿ.

"ಒಪ್ಸಕ್ಕೂ ಮನ್ಸು ಬರ್ನಿಲ್ಲ, ಎಸಿಯಕ್ಕೂ ಆಗ್ನಿಲ್ಲ. ನೀನೇ ತಗಂಡೋಗು. ಯಾರ್ಗಾದ್ರೂ ಕಟ್ಟು ಮಗ, ಯಾಕೆ ಅಂತ ಏಳಿ ಕಟ್ಟು." ಕಣ್ಣೊರೆಸಿಕೊಂಡು ಕೇಳಿದಳು, "ಉಂಡಿದ್ದೀಯಾ? ಬಾ, ಇಬ್ರೂ ಉಣ್ಣಾನ."

ಅವ್ವ ತಾನಾಗಿ ತಟ್ಟೆ ಹಾಕಿಕೊಂಡದ್ದು ಕಂಡು ಮಹೇಂದ್ರ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದ.

ಹೊರಡುವ ಮುಂಚೆ ಇಬ್ಬರೂ ಸೇರಿ ಲಿಂಗಯ್ಯನ ಮಗ್ಗುಲು ಬದಲಾಯಿಸಿದರು. ಮಹೇಂದ್ರ ಬಲಗೈಯನ್ನು ಎಳೆಯಲಿಲ್ಲ, ಕೆಳಗೆ ಅಂಗೈ ಕೊಟ್ಟು ಮೆಲ್ಲಗೆ ಎತ್ತಿ ದಿಂಬಿನ ಮೇಲಿಟ್ಟ. ಮುದುಕ ಇಬ್ಬರ ಮುಖವನ್ನೂ ನೋಡಿ ನಿದ್ದೆಗೆ ಜಾರಿದ.

ಬಸ್ ನಿಲ್ದಾಣದವರೆಗೂ ಮಹೇಂದ್ರ ಅವಳ ಜೊತೆ ನಡೆದು ಬಂದ.

"ಪ್ರಮೀಳಾ... ಅಪ್ಪನ್ನ ನೋಡ್ಕಳಕ್ಕೆ ಜನ ಬೇಕು ಅಂತ ಕೇಳ್ತಿಲ್ಲ ನಾನು. ಅಪ್ಪನ್ನ ನಾನೇ ನೋಡ್ಕತೀನಿ. ನಂಗೆ ನೀವು ಬೇಕು."

ಅವಳ ಕೈಯಲ್ಲಿ ಹಳದಿ ಪಟ್ಟಿ ಇತ್ತು. ಅದನ್ನೇ ನೋಡುತ್ತ ನಿಂತಳು. ಲಿಂಗಯ್ಯ ಮಲಗಿದ್ದ ಆ ಹಾಸಿಗೆ ಕಣ್ಣಿಗೆ ಕಟ್ಟಿತ್ತು. ಅಲ್ಲಿಗೆ ಬಂದರೆ ಅದನ್ನು ದಿನವೂ ನೋಡಬೇಕು. ಬರದಿದ್ದರೂ ಅದು ಬಿಡುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.

"ಇನ್ಮೇಲೆ ನನ್ನ ಮಾತು ಪೂರ್ತಿ ಕೇಳ್ತೀರಾ?"

"ಹೂಂ."

"ಹೂಂ ಅಂದ್ರೆ ಸಾಲದು. ತಿರುಗಿ ಹೇಳಿ."

"ಪೂರ್ತಿ ಕೇಳ್ತೀನಿ," ಅಂದ ಮಹೇಂದ್ರ. "ಎಷ್ಟೊತ್ತಾದ್ರೂ."

ಬಸ್ಸು ಬಂತು. ಪ್ರಮೀಳಾ ಹತ್ತಲಿಲ್ಲ.