ಆನ್ಸ್‌ಗರನ ಹೆಸರು ಉಜ್ಜಿದೋನು

"ಮಗಾ, ರೈಫಲ್ ಬೇಕಾದ್ರೆ ತಗೊಂಡು ಹೋಗು. ಆ ಹೆಸರು ಮಾತ್ರ ಉಜ್ಜಬೇಡ," ಅಂದಳು ಹುಲ್ಡಾ ಅಜ್ಜಿ.

ಡ್ವೈಟ್ ಪ್ರುಯಿಟ್ ಕಿಸಕ್ಕನೆ ನಕ್ಕ. ಮೊಂಟಾನಾದ ಮುದುಕಿಯರ ಅಟ್ಟದಿಂದ ಹಳೇ ಬಂದೂಕು ಪುಡಿಗಾಸಿಗೆ ಎತ್ಕೊಂಡು ಹೋಗೋದೇ ಅವನ ಕಸುಬು. "ಉಜ್ಜಿಬಿಟ್ಟಿದಾರೆ ಅಜ್ಜೀ. ಹಳೇತನವೇ ಹೋಗಿದೆ. ಕವಡೆ ಬೆಲೆಯಿಲ್ಲ," ಅಂತ ಮೂತಿ ತಿರುಗಿಸಿದ್ರೆ ಸಾಕು, ಪಾಪ, ಕೊಟ್ಟುಬಿಡೋರು.

ಉಜ್ಜಿ ಹೊಸದು ಮಾಡಿದ ಹಳೇ ಬಂದೂಕಿಗೆ ಸಂತೇಲಿ ಬೆಲೆಯಿಲ್ಲ; ಇದನ್ನ ಮಾತ್ರ ಯಾರೂ ಹಾಗೆ ಉಜ್ಜಿರಲಿಲ್ಲ. ಸಾವಿರದೆಂಟುನೂರ ಎಂಬತ್ತೆಂಟರ ಪಂಪ್ ರೈಫಲ್. ಆಗೆಲ್ಲ ದನಗಾಹಿಗಳ ಕೈಲಿ ಕೆಳಗಡೆ ಲಿವರ್ ಎಳೆದು ಗುಂಡು ತುಂಬೋ ರೈಫಲ್‌ಗಳೇ. ನಳಿಗೆ ಕೆಳಗಿನ ಹಿಡಿಯನ್ನ ಹಿಂದಕ್ಕೂ ಮುಂದಕ್ಕೂ ತಳ್ಳೋ ಈ ಹೊಸ ಬಗೆಯದನ್ನ ಕಂಡು "ಏನೋ, ಬೆಣ್ಣೆ ಕಡೀತಿದೀಯಾ?" ಅಂತ ಆಡ್ಕೊಳ್ತಿದ್ರಂತೆ. ಆನ್ಸ್‌ಗರ್ ಅನ್ನೋನು ಕಿವಿಗೆ ಹಾಕ್ಕೊಳ್ಳಲಿಲ್ಲ. ಕೊಂಡ. ಹಿಂಬದಿಯ ಮರದ ಮೇಲೆ ಚಾಕುವಿನಿಂದ ಹೆಸರು ಕೆತ್ತಿದ.

"ಅವನನ್ನ ಕೊಂದು ಇದನ್ನ ಕದ್ದೋನು ಮೊದಲಕ್ಷರ ಕೆರೆದ," ಅಂದಳು ಅಜ್ಜಿ. "ಆನ್ಸ್‌ಗರನ ತಾಯಿ ಗೋರಿ ಮಣ್ಣು ಹಿಡಿದು ಶಾಪ ಹಾಕಿದ್ಲು. ಮಾರನೇ ದಿನ ಆ ಕಳ್ಳನ ಗುರುತನ್ನ ಅವನ ಹೆತ್ತಮ್ಮನೇ ಹಿಡೀಲಿಲ್ಲ."

"ಕುಡಿದಿದ್ಲೇನೋ ಆ ಕಳ್ಳನ ತಾಯಿ," ಅಂದ ಡ್ವೈಟ್.

ಪುಡಿಗಾಸು ಕೊಟ್ಟು ರೈಫಲ್ ಮನೆಗೆ ತಂದ. ಅವತ್ತು ಶನಿವಾರ, ಸಂಜೆ ಬಂದೂಕು ಸಂತೆ. ಕಂಡೋರ ಹೆಸರು ಕೆತ್ತಿದ ಮಾಲಿಗೆ ಅರ್ಧ ಬೆಲೆ. ಉಜ್ಜಿ, ಮೇಲೆ ಹಳೇ ಬಣ್ಣ ಬರಿಸೋ ಅಕ್ರೋಟು ಸಿಪ್ಪೆಯ ಕಷಾಯ ಬಳಿದ್ರೆ ಯಾವ ನನ್ಮಗನಿಗೂ ಗೊತ್ತಾಗಲ್ಲ ಅಂದ್ಕೊಂಡು, ಮಧ್ಯಾಹ್ನ ಊಟ ಮುಗಿಸಿ ಗ್ಯಾರೇಜಲ್ಲಿ ಕೂತ. ಉಪ್ಪುಕಾಗದ ತಗೊಂಡ.

ಅಗಸೆ ಎಣ್ಣೆಯ ವಾಸನೆ. ಮರದ ಹುಡಿ. ಎರಡನೇ ಅಕ್ಷರ ಹೋಯ್ತು. ಕೂದಲು ಸುಟ್ಟ ನಾತ ಎದ್ದಿತು. ಡ್ವೈಟ್ ಮೂಗು ಒರೆಸ್ಕೊಂಡ, ಮತ್ತೆ ಉಜ್ಜಿದ. ಮೂರನೇದು. ಬೆರಳ ತುದಿ ಜುಮ್ಮೆಂದಿತು. ನೋಡಿದ. ರೇಖೆಗಳೇ ಇಲ್ಲ. ಬೋಳು. ರೈಫಲ್ ಮೇಜಿನ ಮೇಲಿಟ್ಟ. ಯಾರೂ ಮುಟ್ಟಿಲ್ಲ. ಹಿಡಿ ತಾನಾಗೇ ಹಿಂದಕ್ಕೆ ಸರೀತು. ಕಟಕ್. ಮುಂದಕ್ಕೆ. ಕಟಕ್.

"ಸ್ಪ್ರಿಂಗು ಸಡಿಲ," ಅಂತ ಬೈದು, ಕೊನೇ ಅಕ್ಷರದವರೆಗೂ ಉಜ್ಜಿಬಿಟ್ಟ.

ಮನೆಯೊಳಗೆ ಕಾಲಿಟ್ಟ. ಹೆಂಡತಿ ನೊರೀನ್ ಕಿಟಾರನೆ ಕಿರುಚಿ ಕೋಣೆಗೆ ನುಗ್ಗಿ ಬಾಗಿಲು ಹಾಕ್ಕೊಂಡ್ಲು. "ಯಾರೋ ನೀನು? ಪೊಲೀಸ್‌ಗೆ ಫೋನ್ ಮಾಡ್ತೀನಿ!"

ರೈಫಲ್ ಅಪ್ಪಿಕೊಂಡು ಸಂತೆಗೆ ಓಡಿದ. ಇಪ್ಪತ್ತು ವರ್ಷದ ಗೆಳೆಯ, ವ್ಯಾಪಾರಿ ಲೈಲ್ ಹಾಬ್ಸ್ ಇದ್ದಾನಲ್ಲ!

"ಲೈಲ್, ನಾನು ಕಣೋ! ಡ್ವೈಟ್!"

ಲೈಸೆನ್ಸ್ ತೆಗೆದು ಚಾಚಿದ. ಹೆಸರಿನ ಜಾಗ ಬಿಳಿ. ಫೋಟೋ ಜಾಗದಲ್ಲಿ ಬರೀ ಅಂಗಿ ಕಾಲರ್.

ಲೈಲ್ ಅದನ್ನ ನೋಡಲೂ ಇಲ್ಲ. ಟಾರ್ಚ್ ಹಾಕಿ ರೈಫಲ್ಲಿನ ಮರ ಸವರಿದ. ಆಮೇಲೆ ಟಾರ್ಚ್ ಎತ್ತಿ ಡ್ವೈಟನ ಮುಖಕ್ಕೆ ಹಿಡಿದ. ಹಣೆಯಿಂದ ಗದ್ದದವರೆಗೂ ನಿಧಾನಕ್ಕೆ ಇಳಿಸಿದ.

"ಎರಡನ್ನೂ ಉಜ್ಜಿಬಿಟ್ಟಿದಾರೆ," ಅಂದ, ಮೂತಿ ತಿರುಗಿಸಿ. "ಹಳೇತನವೇ ಹೋಗಿದೆ. ಕವಡೆ ಬೆಲೆಯಿಲ್ಲ."