ನೋಡದೆ ಬರೆದ ನಾಲ್ಕು ಡಿಗ್ರಿ

“ಮೇಡಂ, ಈಗಿನ್ನೂ ಮಧ್ಯಾಹ್ನ ಎರಡು ಗಂಟಿ. ಸಂಜಿ ಐದರದ್ದು ಆಗಲೇ ಹೆಂಗ ಬರದೀರಿ?”

ನಿಖಿತಾಳ ಕೈಯಲ್ಲಿದ್ದ ಪೆನ್ನು ನಿಂತಿತು. ಬಾಗಿಲಲ್ಲಿ ಲಸಿಕೆಯ ಪೆಟ್ಟಿಗೆ ಹಿಡಿದು ನಿಂತಿದ್ದವನನ್ನು ಅವಳು ನೋಡಿದ್ದು ಅದೇ ಮೊದಲು. ಬೆಳಗಾವಿಯಿಂದ ಲಸಿಕೆ ತರುವ ಹೊಸ ಚಾಲಕ, ಓಂಕಾರ.

ಖಾನಾಪುರದ ಆಚೆ, ಕಾಡಂಚಿನ ಸಣ್ಣ ಆರೋಗ್ಯ ಕೇಂದ್ರ ಅದು. ಔಷಧಿ ಕೋಣೆ ಅವಳ ಜವಾಬ್ದಾರಿ. ಲಸಿಕೆ ಇಡುವ ಫ್ರಿಜ್ಜಿನ ತಾಪಮಾನವನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ತಾನಾಗಿ ಅಳೆಯುವ ಯಂತ್ರ ಕೆಟ್ಟು ತಿಂಗಳುಗಳೇ ಆಗಿದ್ದವು.

“ನಾಲ್ಕು ಡಿಗ್ರಿನೇ ಇರತೈತ್ರಿ. ಎರಡು ವರ್ಷದಿಂದ ನಾಲ್ಕೇ.”

“ಇವತ್ತ ಬ್ಯಾರೆ ಇದ್ರ?”

“ಇರೂದಿಲ್ಲ. ನನ್ನ ಬಸ್ಸು ನಾಲ್ಕೂಕಾಲಿಗೈತಿ.”

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿದ. ಸುಮ್ಮನೆ ನಕ್ಕುಬಿಟ್ಟ.

ಬಸ್ಸಿಗೆ ಅಷ್ಟು ಅವಸರ ಏಕೆಂದರೆ, ಆರು ಗಂಟೆಗೆ ಬೆಳಗಾವಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ತರಗತಿ. ನಮ್ಮ ನಿಖಿತಾ ದೊಡ್ಡ ಅಧಿಕಾರಿಯಾಗುವವಳು. ದಿನಕ್ಕೆ ಒಂದು ತಾಸು ಉಳಿಸಿದವರೇ ಗೆಲ್ಲುವುದು ಎಂದು ಯಾವುದೋ ವಿಡಿಯೋದಲ್ಲಿ ಕೇಳಿ, ಅದನ್ನು ಕನ್ನಡಿಯ ಮೇಲೆ ಬರೆದು ಅಂಟಿಸಿಕೊಂಡಿದ್ದಳು. ಆ ತಾಸು ಯಾವುದರಿಂದ ಉಳಿಯುತ್ತಿದೆ ಎಂದು ಮಾತ್ರ ಎಂದೂ ಕೇಳಿಕೊಂಡಿರಲಿಲ್ಲ.

ಓಂಕಾರ ಹದಿನೈದು ದಿನಕ್ಕೊಮ್ಮೆ ಬರತೊಡಗಿದ. ಬರುವಾಗ ಹಳೆಯ ಪ್ರಶ್ನೆಪತ್ರಿಕೆಗಳ ಝೆರಾಕ್ಸ್ ತರುತ್ತಿದ್ದ. ಅವನದು ಒಂದು ವಿಚಿತ್ರ ತಾಳ್ಮೆ. ಮುಂದಿನ ಕೇಂದ್ರದ ಲಸಿಕೆ ತಣ್ಣಗಿರಲೆಂದು ಹಿಮದ ಗಟ್ಟಿಯ ಪ್ಲಾಸ್ಟಿಕ್ ಡಬ್ಬಿಗಳನ್ನು ಫ್ರೀಜರಿನಿಂದ ತೆಗೆದು ಮೇಜಿನ ಮೇಲಿಟ್ಟು, ಅವು ಬೆವರುವ ತನಕ ಕಾಯುತ್ತಿದ್ದ. ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ಲಸಿಕೆಯ ಪಕ್ಕ ಜೋಡಿಸುತ್ತಿದ್ದ.

“ಅರ್ಧ ತಾಸು ಹಿಂಗ ಕುಂದರ್ತೀರಲ್ರಿ, ಬ್ಯಾಸರ ಆಗೂದಿಲ್ಲ?”

“ಅವಸರ ಮಾಡಿದ್ರ ಲಸಿಕಿ ಹೆಪ್ಪುಗಟ್ಟತೈತ್ರಿ. ಒಮ್ಮಿ ಹೆಪ್ಪುಗಟ್ಟಿದ್ದು ಮತ್ತ ಕರಗಿದ್ರೂ ಕೆಲಸಕ್ಕ ಬರೂದಿಲ್ಲ.” ಆಮೇಲೆ ನೆಲ ನೋಡುತ್ತ ಹೇಳಿದ್ದ, “ಮತ್ತ ಈ ಅರ್ಧ ತಾಸು ನೀವು ಇಲ್ಲೇ ಇರ್ತೀರಲ್ಲ.”

ಅವಳ ಕಿವಿ ಬಿಸಿಯಾಗಿತ್ತು.

“ನಿಮ್ಮ ಪರೀಕ್ಷಾ ಮುಗೀಲಿ. ಮನಿಗೆ ಬಂದು ಕೇಳ್ತೀನಿ,” ಎಂದಿದ್ದ ಇನ್ನೊಂದು ದಿನ. ಅವಳು ಬೇಡ ಅಂದಿರಲಿಲ್ಲ.

ಆಮೇಲೆ ಬಂದದ್ದು ಆ ಮಂಗಳವಾರ.

ಹಿಂದಿನ ದಿನವಷ್ಟೇ ಓಂಕಾರ ಹೊಸ ಲಸಿಕೆ ಇಳಿಸಿ ಹೋಗಿದ್ದ. ನಾಲ್ಕು ಗಂಟೆಗೆ ಯಾವುದೋ ಔಷಧಿಗೆಂದು ನಿಖಿತಾ ಫ್ರಿಜ್ ತೆರೆದಳು. ಒಳಗೋಡೆಗೆಲ್ಲ ಬೆಳ್ಳಗೆ ಮಂಜು ಕಟ್ಟಿತ್ತು. ತಾಪಮಾನದ ಮುಳ್ಳು ಸೊನ್ನೆಗಿಂತ ಕೆಳಗಿತ್ತು. ಅಷ್ಟರಲ್ಲೇ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ತಂಪಿನ ಗುಂಡಿಯನ್ನು ತಿರುಗಿಸಿದಳು, ಬಾಗಿಲು ಮುಚ್ಚಿದಳು, ಓಡಿದಳು. ರಿಜಿಸ್ಟರಿನಲ್ಲಿ ನಾಲ್ಕು ಡಿಗ್ರಿ ಎಂದು ಬೆಳಿಗ್ಗೆಯೇ ಬರೆದಾಗಿತ್ತು.

‘ಸ್ವಲ್ಪ ಹೊತ್ತು ಹಂಗಾಗಿರಬೇಕು. ಏನೂ ಆಗಿರೂದಿಲ್ಲ...’

ಬಸ್ಸಿನಲ್ಲಿ ಕುಳಿತು ಇದನ್ನೇ ಹೇಳಿಕೊಂಡಳು. ಮರುದಿನ ಫ್ರಿಜ್ ಸರಿಯಾಗಿತ್ತು. ಅವಳೂ ಆ ಮಾತನ್ನು ಎತ್ತಲಿಲ್ಲ.

ಗುರುವಾರ ಮಕ್ಕಳಿಗೆ ಲಸಿಕೆಯ ದಿನ. ಹನ್ನೊಂದು ಕೂಸುಗಳಿಗೆ ಚುಚ್ಚಿದ ಮೇಲೆ, ಡಾಕ್ಟರಮ್ಮ ಮುಂದಿನ ಸೀಸೆಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿದರು. ಒಳಗೆ ಬಿಳಿಯ ಚೂರುಗಳು. ಹೆಪ್ಪುಗಟ್ಟಿ ಕರಗಿದ ಗುರುತು.

ಹನ್ನೊಂದು ಕೂಸುಗಳಿಗೆ ಅಪಾಯವೇನೂ ಇರಲಿಲ್ಲ. ಆದರೆ ಕೊಟ್ಟ ಲಸಿಕೆ ಕೊಡದಂತೆಯೇ. ಎಲ್ಲರಿಗೂ ಮತ್ತೊಮ್ಮೆ ಚುಚ್ಚಬೇಕಿತ್ತು.

ವಿಚಾರಣೆಗೆ ಬಂದ ಅಧಿಕಾರಿ ಕೇಳಿದರು, “ಫ್ರಿಜ್ ಸರಿ ಇತ್ತೇನಮ್ಮ?”

ನಿಖಿತಾ ರಿಜಿಸ್ಟರನ್ನು ಅವರ ಮುಂದೆ ಸರಿಸಿದಳು. ಬಾಯಿಬಿಟ್ಟು ಒಂದು ಸುಳ್ಳನ್ನೂ ಹೇಳಲಿಲ್ಲ. ಎಲ್ಲವನ್ನೂ ಮೊದಲೇ ಬರೆದಿಟ್ಟಿದ್ದಳಲ್ಲ. ಪುಟದ ತುಂಬ ನಾಲ್ಕು, ನಾಲ್ಕು, ನಾಲ್ಕು. ಹಾಗಾದರೆ ಹೆಪ್ಪುಗಟ್ಟಿದ್ದು ದಾರಿಯಲ್ಲೇ, ಹಿಮದ ಗಟ್ಟಿ ಬೆವರುವ ಮುಂಚೆ ಚಾಲಕ ಜೋಡಿಸಿರಬೇಕು ಎಂದು ಅಧಿಕಾರಿ ತೀರ್ಮಾನಿಸಿದರು.

ಓಂಕಾರನನ್ನೂ ಕರೆಸಿದ್ದರು. ಗೋಡೆಗೆ ಒರಗಿ ನಿಂತಿದ್ದ ಅವನು ಒಮ್ಮೆ ಅವಳತ್ತ ನೋಡಿದ. ಒಮ್ಮೆ ಮಾತ್ರ. ಅವಳು ತಲೆ ತಗ್ಗಿಸಿದಳು.

ಅವನದು ಗುತ್ತಿಗೆಯ ಕೆಲಸ. ವಾರದೊಳಗೆ ಬಿಡಿಸಿದರು.

ಅವನು ಫೋನ್ ಮಾಡಲಿಲ್ಲ. ಇವಳಿಗೂ ಧೈರ್ಯವಾಗಲಿಲ್ಲ. ಊಟ ಸೇರಲಿಲ್ಲ, ಪುಸ್ತಕ ಹಿಡಿದರೆ ಅಕ್ಷರ ಕಾಣಲಿಲ್ಲ. ‘ಹೇಳಿದ್ರ ಕೆಲಸ ಹೋಗತೈತಿ, ಪರೀಕ್ಷಾನೂ ಹೋಗತೈತಿ’ ಎಂದು ದಿನವೂ ಲೆಕ್ಕ ಹಾಕಿದಳು. ಯಾವ ಲೆಕ್ಕದಲ್ಲೂ ಅವನ ಆ ಒಂದು ನೋಟ ಕಳೆಯಲಿಲ್ಲ.

ಮೂರನೆಯ ವಾರ ಆಶಾ ಕಾರ್ಯಕರ್ತೆ ಚಂದ್ರವ್ವ ಬಂದು ಬೆಂಚಿನ ಮೇಲೆ ಕುಸಿದು ಕುಳಿತಳು. ಕಾಡಿನ ಒಳಗಿನ ವಸ್ತಿಗಳಿಗೆ ನಡೆದು ನಡೆದು ಪಾದ ಊದಿಕೊಂಡಿದ್ದವು.

“ಮತ್ತೊಮ್ಮಿ ಚುಚ್ಚಿಸಾಕ ಒಬ್ಬ ತಾಯಿನೂ ಬರಾಕ ಒಲ್ಲಳ್ರಿ ಮೇಡಂ. ಭೀಮಕ್ಕ ಏನಂದ್ಲು ಗೊತ್ತೈತೇನು? ಮೊದಲ ಚುಚ್ಚಿದ್ದು ಸುಳ್ಳಂದ್ರ, ಈಗಿಂದು ಖರೇ ಅಂತ ಹೆಂಗ ನಂಬಲಿ ಅಂದ್ಲು. ಹತ್ತು ವರ್ಷ ಮನಿ ಮನಿ ತಿರುಗಿ ಅವರನ್ನ ಒಪ್ಪಿಸಿದ್ದೆ...”

ಚಂದ್ರವ್ವನ ದನಿ ಅಲ್ಲಿಗೆ ಒಡೆಯಿತು. ನಿಖಿತಾ ಅವಳಿಗೆ ನೀರು ಕೊಟ್ಟು, ನೇರ ಡಾಕ್ಟರಮ್ಮನ ಕೋಣೆಗೆ ಹೋಗಿ ಒಂದು ಹಾಳೆ ಕೇಳಿದಳು. ಮಂಗಳವಾರ ತಾನು ಕಂಡದ್ದನ್ನೂ, ಎರಡು ವರ್ಷ ನೋಡದೆ ಬರೆದದ್ದನ್ನೂ ಬರೆದು ಸಹಿ ಹಾಕಿದಳು.

“ಇದನ್ನ ಮೇಲಕ್ಕೆ ಕಳಿಸಿದ್ರೆ ನಿಮ್ಮ ಕೆಲಸ ಉಳಿಯೋದು ಕಷ್ಟ,” ಎಂದರು ಡಾಕ್ಟರಮ್ಮ.

“ಕಳಸ್ರಿ, ಮೇಡಂ.”

ಮರುದಿನ ಬೆಳಗಾವಿಯ ರವಿವಾರ ಪೇಟೆಗೆ ಹೋದಳು; ಓಂಕಾರ ಈಗ ಆ ಮಾರುಕಟ್ಟೆಯಲ್ಲಿ ಕೆಲಸ ಮಾಡುತ್ತಾನೆಂದು ಕೇಳಿದ್ದಳು. ಮೆಣಸಿನಕಾಯಿಯ ಘಾಟಿಗೆ ಸೀನುತ್ತ, ಕೈಗಾಡಿಗಳ ನಡುವೆ ದಾರಿ ಮಾಡಿಕೊಳ್ಳುತ್ತ ನಿಖಿತಾ ಅವನನ್ನು ಹುಡುಕಿದಳು. ಓಂಕಾರ ಒಂದು ಸಗಟು ಅಂಗಡಿಯ ಮುಂದೆ ಟೆಂಪೋಗೆ ಬೆಲ್ಲದ ಪೆಟ್ಟಿಗೆ ಹೇರುತ್ತಿದ್ದ. ತೆಳ್ಳಗಾಗಿದ್ದ.

“ಫ್ರಿಜ್ಜಿನ್ಯಾಗ ಮಂಜು ಕಟ್ಟಿತ್ತು. ನಾನ ನೋಡಿದ್ದೆ. ನೋಡಿ ಬಸ್ಸಿಗೆ ಓಡಿದೆ.” ಒಂದೇ ಉಸಿರಿಗೆ ಹೇಳಿದಳು. “ನಿನ್ನೆ ಎಲ್ಲಾ ಬರದು ಕೊಟ್ಟೀನ್ರಿ. ನಿಮ್ಮ ತಪ್ಪಿಲ್ಲ ಅಂತ.”

ಅವನು ಪೆಟ್ಟಿಗೆ ಕೆಳಗಿಟ್ಟ.

“ನನಗ ಅವತ್ತ ಗೊತ್ತಿತ್ತು.”

“ಮತ್ತ... ಯಾಕ ಹೇಳಲಿಲ್ಲ?”

“ಹೇಳಾಕ ಎರಡು ಸಲ ಬಾಯಿತನಕ ಬಂತ್ರಿ. ಆದ್ರ ಮೊದಲನೇ ದಿವಸ ನೀವು ಸುಳ್ಳ ಬರದದ್ದು ಕಂಡು ನಕ್ಕಂವ ನಾನ. ನಿಮಗ ಸಿಟ್ಟು ಬರಬಾರದಂತ ಸುಮ್ಮನಾದೆ. ಆಮ್ಯಾಲ ಪ್ರತಿ ಸಲ ಕಂಡ್ರೂ ಸುಮ್ಮನಾದೆ.” ಅವನು ಮುಖ ತಿರುಗಿಸಿದ. “ನೀವ ಹೇಳ್ತೀರಿ ಅಂತ ಕಾದೆ. ಮೂರು ವಾರ ಕಾದೆ, ನಿಖಿತಾ.”

ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ. ಪೇಟೆಯ ನಡುವೆ ನಿಂತು ಅತ್ತಳು.

“ಕ್ಷಮಾ ಕೇಳಾಕ ಬಂದಿಲ್ಲರಿ. ಹೇಳಿ ಹೋಗಾಕ ಬಂದೆ. ಬರೂ ರವಿವಾರ ಚಂದ್ರವ್ವಾರ ಜೋಡಿ ಆ ಹನ್ನೊಂದು ಮನಿಗೂ ನಾನ ಹೋಗಿ ಖರೇ ಹೇಳ್ತೀನಿ. ಚಂದ್ರವ್ವಾರ ಮ್ಯಾಲಾದ್ರೂ ಅವರಿಗೆ ಮತ್ತ ನಂಬಿಕಿ ಬರಲಿ.”

ಅವನು ಪೆಟ್ಟಿಗೆಯನ್ನು ಮತ್ತೆ ಎತ್ತಿಕೊಂಡ. ಅವಳು ಹೊರಟುಬಂದಳು.

ಮುಂದೆ ಬಂದ ರವಿವಾರ ಬೆಳಿಗ್ಗೆ ಅವಳೂ ಚಂದ್ರವ್ವನೂ ಖಾನಾಪುರದಲ್ಲಿ ಬಸ್ಸು ಕಾಯುತ್ತಿದ್ದಾಗ, ಬೆಳಗಾವಿಯ ಬಸ್ಸಿನಿಂದ ಓಂಕಾರ ಇಳಿದ. ಬಂದು ಪಕ್ಕದಲ್ಲಿ ನಿಂತ.

ಭೀಮಕ್ಕನ ಮನೆ ಮೊದಲನೆಯದು. ಕೂಸನ್ನು ಸೊಂಟಕ್ಕಿಟ್ಟುಕೊಂಡು ಅವಳು ಹೊಸ್ತಿಲಲ್ಲೇ ನಿಂತು ಕೇಳಿಸಿಕೊಂಡಳು. ನಿಖಿತಾ ಒಂದನ್ನೂ ಮುಚ್ಚಿಡಲಿಲ್ಲ.

“ಅಂದ್ರ, ನೀ ಬಸ್ಸು ಹಿಡಿಯೂದರ ಸಲುವಾಗಿ ನನ್ನ ಕೂಸು ಅತ್ತಿತಲ್ಲ?”

“ಹೌದ್ರಿ.”

ಭೀಮಕ್ಕ ಕೂಸನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿದಳು. “ಗುರುವಾರ ಬರ್ತೀನಿ. ಚಂದ್ರವ್ವ ಬಾಜೂಕ ನಿಂತಿರಬೇಕು. ನೀ ಮುಟ್ಟಬ್ಯಾಡ.”

“ಆತ್ರಿ.”

ಮುಂದಿನ ಮನೆಗೆ ಒಂದು ಮೈಲಿ ಕಾಡುದಾರಿ. ಚಂದ್ರವ್ವ ಬೇಕೆಂದೇ ಮುಂದೆ ಮುಂದೆ ನಡೆದಳು.

“ನಿಮಗ ನನ್ನ ಮ್ಯಾಲಿನ ಸಿಟ್ಟು ಹೋತೇನ್ರಿ?” ಎಂದಳು ನಿಖಿತಾ.

“ಇಲ್ಲ.”

“ಮತ್ತ ಯಾಕ ಬಂದ್ರಿ?”

“ಸಿಟ್ಟು ಹೋಗಾಕ ಇನ್ನೂ ದಿವಸ ಬೇಕು. ಅಲ್ಲಿತನಕ ಜೋಡೀನ ಇರೂಣು ಅಂತ ಬಂದೆ.”

ಅವಳಿಗೆ ಕಣ್ಣು ಮಂಜಾಗಿ ದಾರಿ ಕಾಣದಾಯಿತು. ಅವನು ಕೈ ಚಾಚಿದ. ಅವಳು ಹಿಡಿದಳು.

“ಸಿಟ್ಟು ಹೋದ ಮ್ಯಾಲ?”

“ಹೋದ ಮ್ಯಾಲೂ.”