ಗೊಬ್ಬರದಜ್ಜಿ ಬಾಗಿಲು ತಟ್ಟಿದ ಸಂಜೆ

“ಈ ಬಾಟ್ಲಿ ನಿನ್ನದೇ ತಾನೇ?” ಮಿಸ್ ಕೇಳಿದರು.

ಪೀಪಿ ಜೋರಾಗಿ ತಲೆಯಾಡಿಸಿದಳು. ಹಳೆಯ ಜಾಮ್ ಬಾಟ್ಲಿ. ಒಳಗೆ ಕಪ್ಪಗೆ, ಪುಡಿಪುಡಿಯಾಗಿ, ಒಳ್ಳೆ ಕೇಕಿನ ಹಾಗಿದ್ದ ಮಣ್ಣು. ಸೈನ್ಸ್ ಪ್ರಾಜೆಕ್ಟಿಗೆಂದು ಇಡೀ ಕ್ಲಾಸು ಮಣ್ಣು ತಂದಿತ್ತು. ಯಾರ ಮಣ್ಣೂ ಇಷ್ಟು ಚೆನ್ನಾಗಿರಲಿಲ್ಲ. ಪ್ರೈಜು ತನಗೇ ಎಂದು ಪೀಪಿ ಮನಸ್ಸಿನಲ್ಲಿ ಮಂಡಿಗೆ ತಿನ್ನುತ್ತಿದ್ದಳು.

ಆದರೆ ಮಿಸ್ ಬಂದು ಅವಳ ಬೆಂಚಿನ ಮೇಲೆ ಪಕ್ಕದಲ್ಲೇ ಕೂತರು. ಹೋದ ವರ್ಷ ಮಿಸ್ ಹೀಗೆಯೇ ಒಬ್ಬ ಹುಡುಗನ ಪಕ್ಕ ಕೂತು, ಅವನ ತಾತ ತೀರಿಕೊಂಡ ಸುದ್ದಿ ಹೇಳಿದ್ದರು.

“ನಿಮ್ಮ ಮಣ್ಣನ್ನೆಲ್ಲ ಕಾಲೇಜಿನ ಲ್ಯಾಬಿಗೆ ಕಳಿಸಿದ್ದೆ. ನಿನ್ನ ಮಣ್ಣಲ್ಲಿ ಸೀಸ ಇದೆ. ತುಂಬಾನೇ ಇದೆ.”

“ಸೀಸದ ಕಡ್ಡಿಲಿ ಇರುತ್ತಲ್ಲ, ಅದಾ ಮಿಸ್?”

“ಸೀಸದ ಕಡ್ಡಿಲಿ ಸೀಸ ಇರಲ್ಲ, ಬರೀ ಹೆಸರು ಅಷ್ಟೇ. ಇದು ನಿಜವಾದ ಸೀಸ. ವಿಷ. ಕಣ್ಣಿಗೆ ಕಾಣಲ್ಲ, ವಾಸನೆ ಬರಲ್ಲ, ಬೇಯಿಸಿದ್ರೂ ಹೋಗಲ್ಲ. ದೊಡ್ಡೋರಿಗಿಂತ ಚಿಕ್ಕ ಮಕ್ಕಳಿಗೆ ಜಾಸ್ತಿ ಕೆಟ್ಟದ್ದು. ಅಲ್ಲಿ ಬೆಳೆದ ಸೊಪ್ಪು ತಿಂತೀರಾ ನೀವು?”

ಪೀಪಿಗೆ ನಗು ಬರುವಂತಾಯಿತು. ತಿಂತೀರಾ ಎಂದು ಕೇಳುತ್ತಾರಲ್ಲ! ಅವಳ ಕಟ್ಟಡದ ಮೂರು ಮಹಡಿಯ ಜನವೂ ತಿನ್ನುವುದು ಅದೇ ಸೊಪ್ಪನ್ನು.

“ನಾನು ಭಾನುವಾರ ಬಂದು ಎಲ್ಲರ ಹತ್ರಾನೂ ಮಾತಾಡ್ತೀನಿ,” ಎಂದರು ಮಿಸ್. “ಆದ್ರೆ ಇವತ್ತಿಂದಾನೇ ಯಾರೂ ಅದನ್ನ ತಿನ್ನಬಾರದು. ಮನೇಲಿ ಹೇಳ್ತೀಯಲ್ಲ?”

“ಹೂಂ,” ಎಂದಳು ಪೀಪಿ. ಹುಟ್ಟಿದಾಗ ಅವಳು ಅತ್ತ ದನಿ ಇಡೀ ಬೀದಿಗೆ ಕೇಳಿಸಿತ್ತೆಂದು ಅವಳಿಗೆ ಪೀಪಿ ಎಂಬ ಅಡ್ಡಹೆಸರು. ಈಗ ಮಾತ್ರ ಆ ಹೂಂ ಪಕ್ಕದಲ್ಲಿದ್ದ ಮಿಸ್ಸಿಗೂ ಸರಿಯಾಗಿ ಕೇಳಿಸಲಿಲ್ಲ.

ಆ ತೋಟ ಬೇರೆ ಯಾರದ್ದಾದರೂ ಆಗಿದ್ದರೆ ಹೇಳುವುದು ಕಷ್ಟವಿರಲಿಲ್ಲ. ಅದನ್ನು ಮಾಡಿದ್ದು ಅವಳ ಅಜ್ಜಿ.

ಕಟ್ಟಡದ ಹಿಂದೆ ಒಂದು ಖಾಲಿ ಸೈಟು ಬಿದ್ದಿತ್ತು. ಮುರಿದ ಕಮೋಡು, ಟಯರು, ಗಾಜಿನ ಚೂರು ಎಲ್ಲವೂ ಅಲ್ಲೇ. ಅಜ್ಜಿ ಒಬ್ಬಳೇ ಸೆರಗು ಬಿಗಿದು ಅದನ್ನು ಚೊಕ್ಕ ಮಾಡತೊಡಗಿದಾಗ ಜನ ಬಾಲ್ಕನಿಯಿಂದ ತಮಾಷೆ ನೋಡಿದ್ದರು. ಆಮೇಲೆ ಅವಳು ಮನೆಮನೆಗೂ ಒಂದು ಬಕೆಟ್ ಕೊಟ್ಟು, “ಸಿಪ್ಪೆ ಇದರಲ್ಲಿ ಹಾಕಿ, ಪ್ಲಾಸ್ಟಿಕ್ ಹಾಕಿದ್ರೆ ಕೈ ಮುರಿತೀನಿ,” ಎಂದು ತಾಕೀತು ಮಾಡಿದಳು. ಗೇಲಿಗೆ ‘ಗೊಬ್ಬರದಜ್ಜಿ’ ಎಂದು ಹೆಸರಿಟ್ಟರು. ಆ ಸಿಪ್ಪೆಯೆಲ್ಲ ಕಪ್ಪು ಗೊಬ್ಬರವಾಗಿ, ಮೊದಲ ಸೊಪ್ಪು ಬಂದ ಮೇಲೆ ಅದೇ ಹೆಸರನ್ನು ಪ್ರೀತಿಯಿಂದ ಕರೆಯತೊಡಗಿದರು. ಈಗ ಭಾನುವಾರ ಬಂದರೆ ಸಾಕು, ಅಜ್ಜಿಯ ಕ್ಲಾಸು. ತರಕಾರಿ ತೊಳೆದ ನೀರನ್ನು ಚೆಲ್ಲಬಾರದು ಏಕೆ, ಎರೆಹುಳು ಕಂಡರೆ ಕಿರುಚಬಾರದು ಏಕೆ, ಎಲ್ಲವನ್ನೂ ಅವಳು ಹೇಳುವಳು. ಸೂಟು ಹಾಕಿಕೊಂಡು ಆಫೀಸಿಗೆ ಹೋಗುವವರೂ ಕೈಕಟ್ಟಿ ಕೇಳುವರು.

ಪೀಪಿ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಸೊಪ್ಪು ಬೇಯುತ್ತಿತ್ತು. ಅಪ್ಪ ಅಮ್ಮ ಇಬ್ಬರೂ ಕೆಲಸದಿಂದ ಇನ್ನೂ ಬಂದಿರಲಿಲ್ಲ.

“ಬಂದ್ಯಾ? ಕೈಕಾಲು ತೊಳ್ಕೊಂಡು ಬಾ. ಬಿಸಿ ಇದ್ದಾಗಲೇ ತಿನ್ನು.”

ಅಜ್ಜಿ ತಟ್ಟೆಗೆ ಹಾಕಿಕೊಟ್ಟಳು. ಹಸಿರು ಹಸಿರಾಗಿ, ಹಬೆಯಾಡುತ್ತ, ಎಂದಿನ ಹಾಗೇ ಇತ್ತು. ಪೀಪಿ ತಟ್ಟೆ ಮುಟ್ಟಲಿಲ್ಲ.

“ಏನಾಯ್ತೇ? ಹೊಟ್ಟೆನೋವಾ? ಸ್ಕೂಲಲ್ಲಿ ಬೈದ್ರಾ?”

“ಅಜ್ಜಿ, ನಮ್ಮ ಮಣ್ಣಲ್ಲಿ ವಿಷ ಇದೆಯಂತೆ.”

ಹೇಳಬೇಕೆಂದುಕೊಂಡದ್ದು ಹೀಗಲ್ಲ. ಆದರೆ ಬಾಯಿಂದ ಬಿದ್ದಾಗಿತ್ತು. ಆಮೇಲೆ ಬಾಟ್ಲಿ, ಲ್ಯಾಬು, ಸೀಸ ಎಲ್ಲವೂ ಒಂದರ ಮೇಲೊಂದು ಬಿದ್ದುಕೊಂಡು ಹೊರಗೆ ಬಂದವು.

ಅಜ್ಜಿ ಸೌಟು ಹಿಡಿದು ಹಾಗೇ ನಿಂತಳು. “ಯಾರು ನಿನಗೆ ಮಣ್ಣು ತಗೊಂಡು ಹೋಗು ಅಂದಿದ್ದು?”

“ಪ್ರಾಜೆಕ್ಟ್ ಅಜ್ಜಿ... ನಮ್ಮದೇ ಚೆನ್ನಾಗಿದೆ ಅಂತ...”

“ಚೆನ್ನಾಗಿರೋದಕ್ಕೇ ವಿಷ ಅಂತಾರಾ? ಆ ಮಣ್ಣನ್ನ ಈ ಕೈಯಲ್ಲಿ ಮಾಡಿದೀನಿ ನಾನು! ಒಂದು ಚಿಟಿಕೆ ರಾಸಾಯನಿಕ ಮುಟ್ಟಿಸಿಲ್ಲ. ಇಷ್ಟು ದಿನ ತಿಂದಿದೀವಿ, ಯಾರಿಗೆ ಏನಾಗಿದೆ?”

ಅಜ್ಜಿ ಪೀಪಿಯ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ನಿಂತುಕೊಂಡೇ, ದೊಡ್ಡ ದೊಡ್ಡ ತುತ್ತು ಮಾಡಿ, ಮೊಮ್ಮಗಳ ಮುಖವನ್ನೇ ದುರುಗುಟ್ಟಿ ನೋಡುತ್ತ ತಿಂದಳು. ತಟ್ಟೆ ಖಾಲಿಯಾಯಿತು. ಪೀಪಿಗೆ ಅಳು ಒತ್ತರಿಸಿಕೊಂಡು ಬಂತು. ತಾನು ಒಂದು ಬಾಟ್ಲಿ ಮಣ್ಣು ತುಂಬಿಕೊಂಡು ಹೋಗಿ ಅಜ್ಜಿಯ ತೋಟವನ್ನೇ ಕೊಂದುಬಿಟ್ಟೆ ಎನಿಸಿತು.

ಆಗ ಬಾಗಿಲು ತಟ್ಟಿದ ಶಬ್ದ.

ಕೆಳಮನೆ ಅಕ್ಕ. ಕಂಕುಳಲ್ಲಿ ಅವಳ ಪಾಪು. ಆಗಷ್ಟೇ ನಡೆಯಲು ಕಲಿತಿದ್ದ ಆ ಪಾಪುವಿಗೆ ತೋಟವೆಂದರೆ ಪ್ರಾಣ. ಬಿಟ್ಟರೆ ಸಾಕು, ಗೊಬ್ಬರದ ಗುಡ್ಡೆಗೇ ಓಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಗೆ ಹಾಕಿಕೊಳ್ಳುತ್ತಿತ್ತು. “ತಿನ್ನಲಿ ಬಿಡೇ, ಗಟ್ಟಿಯಾಗ್ತಾನೆ,” ಎಂದು ನಗುತ್ತಿದ್ದವಳು ಅಜ್ಜಿಯೇ.

“ಅಜ್ಜಿ, ಇವನಿಗೆ ಬೇಯಿಸಿ ಮಸೆದು ಕೊಡೋಕೆ ಒಂಚೂರು ಸೊಪ್ಪು ಬೇಕಿತ್ತು,” ಎಂದಳು ಅಕ್ಕ. “ನಿಮ್ಮ ಸೊಪ್ಪಾದ್ರೆ ತಟ್ಟೆ ನೆಕ್ಕಿ ತಿಂತಾನೆ.”

ಸಿಂಕಿನ ಪಕ್ಕದಲ್ಲಿ ಸೊಪ್ಪಿನ ಕಟ್ಟು ಇತ್ತು, ನೀರು ತೊಟ್ಟಿಕ್ಕುತ್ತ. ಅಜ್ಜಿ ಅದನ್ನು ಎತ್ತಿಕೊಂಡಳು. ಪಾಪು ಎರಡೂ ಕೈ ಚಾಚಿತು. ಅಜ್ಜಿಯ ಕೈ ಮುಂದೆ ಹೋದದ್ದು ಅಲ್ಲೇ ನಿಂತಿತು.



“ಕೊಡಲ್ಲ ಕಣೇ,” ಎಂದಳು ಅಜ್ಜಿ. ಕಟ್ಟನ್ನು ಮತ್ತೆ ಸಿಂಕಿನ ಪಕ್ಕ ಇಟ್ಟಳು. “ಒಳಗೆ ಬಾ. ಕೂತ್ಕೋ. ಒಂದು ವಿಷಯ ಹೇಳಬೇಕು.”

ಅಕ್ಕ ಕೇಳಿದಳು. ಕೇಳುತ್ತ ಕೇಳುತ್ತ ಅವಳ ಕೈ ಪಾಪುವಿನ ಬಾಯಿಯನ್ನು ಒರೆಸತೊಡಗಿತು. ಅಲ್ಲಿ ಏನೂ ಇರಲಿಲ್ಲ. ಆದರೂ ಒರೆಸುತ್ತಲೇ ಇದ್ದಳು.

“ನೀವೇ ಅಲ್ವಾ ಅಜ್ಜಿ, ತಿನ್ನಲಿ ಬಿಡು ಅಂದಿದ್ದು?”

ಅಷ್ಟೇ ಅಂದಳು. ಪಾಪುವನ್ನು ಅವಚಿಕೊಂಡು ಮೆಟ್ಟಿಲಿಳಿದು ಹೋದಳು. ಕೆಳಗೆ ಬಾಗಿಲು ದಢಾರೆಂದು ಹಾಕಿಕೊಂಡಿತು.

ಅಜ್ಜಿ ಒಲೆ ಆರಿಸಿದಳು. ಚಪ್ಪಲಿ ಮೆಟ್ಟಿಕೊಂಡಳು.

“ಎಲ್ಲಿಗೆ ಅಜ್ಜಿ?”

“ಮನೆಮನೆಗೆ. ಅಡುಗೆ ಹೊತ್ತು. ಈಗ ಹೇಳದಿದ್ರೆ ಎಲ್ಲರೂ ಬೇಯಿಸಿಬಿಡ್ತಾರೆ.”

“ಮಿಸ್ಸೇ ಬಂದು ಹೇಳ್ತಾರಂತೆ, ಭಾನುವಾರ...”

“ಕೊಟ್ಟೋಳು ನಾನು,” ಎಂದಳು ಅಜ್ಜಿ. “ಹೇಳೋಳೂ ನಾನೇ.”

ಪೀಪಿ ಹಿಂದೆಯೇ ಹೊರಟಳು. ಕರೆಯಲೂ ಇಲ್ಲ, ಬೇಡವೆನ್ನಲೂ ಇಲ್ಲ ಅಜ್ಜಿ.

ಎದುರುಮನೆಯ ಕಟಿಂಗ್ ಶಾಪಿನ ಅಣ್ಣ ಮೊದಲು ನಂಬಲೇ ಇಲ್ಲ. “ಏನಜ್ಜಿ, ಕಿಚಾಯಿಸ್ತಿದೀರಾ?” ಎಂದು ನಕ್ಕ. ಅಜ್ಜಿಯ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು. ಮೇಲಿನ ಮಹಡಿಯ ಹೆಂಗಸು ಪೀಪಿಯ ಕಡೆ ತಿರುಗಿ, “ಸುಮ್ನಿರೋಕೆ ಆಗ್ಲಿಲ್ವಾ ನಿನಗೆ? ದೊಡ್ಡ ವಿಜ್ಞಾನಿ!” ಎಂದು ಸಿಡುಕಿದಳು. ಪೀಪಿ ತಲೆ ತಗ್ಗಿಸಿದಳು. ಅಜ್ಜಿ ತಟ್ಟನೆ ಅಂದಳು: “ಅವಳನ್ನ ಯಾಕೆ ಬೈತೀಯ? ಮಣ್ಣಿಗೆ ವಿಷ ಹಾಕಿದ್ದು ಅವಳಲ್ಲ.”

ತುದಿಯ ಮನೆಯ ಡ್ರೈವರ್ ಮಾವ ರಿಟೈರಾಗಿ ಎಷ್ಟೋ ವರ್ಷವಾಗಿತ್ತು. ಅವರು ಮಾತ್ರ ಗಡ್ಡ ಕೆರೆದುಕೊಂಡರು.

“ಈ ಬಿಲ್ಡಿಂಗ್ ಕಟ್ಟೋಕೆ ಮುಂಚೆ ಹಿಂದಿನ ಆ ಸೈಟಲ್ಲೊಂದು ತಗಡಿನ ಶೆಡ್ ಇತ್ತು. ನಾನು ಬಸ್ಸು ಓಡಿಸ್ತಿದ್ದಾಗ ದಿನಾ ನೋಡ್ತಿದ್ದೆ. ಹಳೇ ಬ್ಯಾಟರಿ ಒಡೀತಿದ್ರು, ಒಳಗಿಂದ ಸೀಸ ತೆಗೆಯೋಕೆ. ಆಮೇಲೆ ಶೆಡ್ ಹೋಯ್ತು. ನಾನೂ ಮರೆತೆ, ಊರೂ ಮರೀತು.”

“ಹಾಗಾದ್ರೆ ನಾನು ಸೊಪ್ಪು ಹಾಕೋಕೆ ಮುಂಚೆಯಿಂದಾನೂ...”

“ಮುಂಚೆಯಿಂದಾನೂ ಅಲ್ಲೇ ಇತ್ತು ಅಜ್ಜಿ.”

ಅಜ್ಜಿ ಗೋಡೆಗೆ ಕೈ ಕೊಟ್ಟು ನಿಂತಳು. ಆಮೇಲೆ ಇನ್ನೂ ತಟ್ಟಬೇಕಾಗಿದ್ದ ಬಾಗಿಲುಗಳ ಕಡೆ ಹೊರಟಳು.

ಭಾನುವಾರ ಮಿಸ್ ಬಂದರು. ಅಜ್ಜಿ ಯಾವಾಗಲೂ ನಿಲ್ಲುವ ಜಾಗದಲ್ಲಿ ಮಿಸ್ ನಿಂತರು. ಅಜ್ಜಿ ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಮಿಸ್ ಯಾರನ್ನೂ ಹೆದರಿಸಲಿಲ್ಲ, ಸುಳ್ಳು ಸಮಾಧಾನವನ್ನೂ ಹೇಳಲಿಲ್ಲ. ಚಿಕ್ಕ ಮಕ್ಕಳಿಗೆಲ್ಲ ರಕ್ತದ ಟೆಸ್ಟ್ ಮಾಡಿಸಬೇಕು. ಇಲ್ಲಿ ಬೆಳೆದದ್ದನ್ನು ತಿನ್ನುವ ಹಾಗಿಲ್ಲ. ನೆಲ ಮುಚ್ಚಿ, ಮೇಲೆ ಎತ್ತರದ ಪೆಟ್ಟಿಗೆ ಇಟ್ಟು, ಬೇರೆ ಕಡೆಯ ಮಣ್ಣು ತುಂಬಿದರೆ ಮುಂದೆ ಬೆಳೆಯಬಹುದು.

“ಈಗಿರೋ ಗಿಡ ಏನ್ ಮಾಡೋದು?” ಅಜ್ಜಿ ಕೈಯೆತ್ತಿ ಕೇಳಿದಳು, ಶಾಲೆಯ ಹುಡುಗಿಯ ಹಾಗೆ. “ಗೊಬ್ಬರಕ್ಕೆ ಹಾಕಬಹುದಾ?”

“ಬೇಡಮ್ಮ. ಅದರಲ್ಲೂ ಸೇರಿರುತ್ತೆ. ಚೀಲಕ್ಕೆ ತುಂಬಿ ಕಟ್ಟಿಡಿ. ಕಸದವರಿಗೆ ನಾನೇ ಹೇಳಿರ್ತೀನಿ, ಬೇರೆ ಗಾಡೀಲಿ ತಗೊಂಡು ಹೋಗ್ತಾರೆ. ಗೊಬ್ಬರದ ಗುಡ್ಡೇನೂ ಅಷ್ಟೇ.”

ಒಂದು ಬಾಳೆಹಣ್ಣಿನ ಸಿಪ್ಪೆಯನ್ನೂ ಕಸಕ್ಕೆ ಬಿಡದ ಅಜ್ಜಿ ಆ ಮಧ್ಯಾಹ್ನ ಮೂಗಿಗೆ ಬಟ್ಟೆ ಕಟ್ಟಿಕೊಂಡು, ತಾನೇ ನೆಟ್ಟದ್ದನ್ನು ತಾನೇ ಕಿತ್ತು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದಳು. ಡ್ರೈವರ್ ಮಾವ ಬಂದರು. ಕಟಿಂಗ್ ಶಾಪಿನ ಅಣ್ಣ ಅಂಗಡಿಯ ಬಿಡುವಿನಲ್ಲಿ ಬಂದ. ಉಳಿದವರು ಬಾಲ್ಕನಿಯಿಂದ ನೋಡಿದರು. ಕೆಳಮನೆಯ ಕಿಟಕಿ ತೆರೆಯಲೇ ಇಲ್ಲ. ಪೀಪಿ ಕೈಗವಸು ಹಾಕಿಕೊಂಡು ಚೀಲದ ಬಾಯಿ ಅಗಲಿಸಿ ಹಿಡಿದಿದ್ದಳು. ಬೇರಿನೊಂದಿಗೆ ಎರೆಹುಳುಗಳೂ ಬಂದು ಬೀಳುತ್ತಿದ್ದವು. ಒಮ್ಮೆ ಅಜ್ಜಿ ಒಂದು ಹುಳುವನ್ನು ಅಂಗೈಯಲ್ಲಿ ಹಿಡಿದು ನೋಡಿ, ತೆಗೆದು ನೆಲಕ್ಕೆ ಬಿಟ್ಟಳು.

ಮುಂದಿನ ವಾರ ಪೀಪಿ ಶಾಲೆಯಿಂದ ಬರುವಾಗ ಕೆಳಮನೆ ಅಕ್ಕ ಮೆಟ್ಟಿಲ ಮೇಲೆ ಸಿಕ್ಕಳು. ಕಂಕುಳಲ್ಲಿ ಪಾಪು, ಕೈಯಲ್ಲಿ ಆಸ್ಪತ್ರೆಯ ಕವರು.

“ರಿಪೋರ್ಟ್ ಬಂತು,” ಎಂದಳು ಅಕ್ಕ. “ರಕ್ತದಲ್ಲಿ ಸ್ವಲ್ಪ ಇದೆ. ಈಗಲೇ ಗೊತ್ತಾಯ್ತಲ್ಲ, ಮಣ್ಣಿಂದ ದೂರ ಇಟ್ರೆ ಇಳಿಯುತ್ತೆ ಅಂದ್ರು ಡಾಕ್ಟ್ರು. ಮತ್ತೆ ತೋರಿಸಬೇಕು.” ಪಾಪುವನ್ನು ಇನ್ನೊಂದು ಕಡೆಗೆ ಎತ್ತಿಕೊಂಡು ಅಂದಳು, “ನಿಮ್ಮಜ್ಜಿಗೆ ಹೇಳು.”

“ನೀವೇ ಹೇಳಿ ಅಕ್ಕ.”

ಅಕ್ಕ ಮೇಲಿನ ಮಹಡಿಯ ಕಡೆ ನೋಡಿದಳು. “ಇವತ್ತು ಬೇಡ. ನೀನು ಹೇಳು.”

ಅಜ್ಜಿ ಮನೆಯಲ್ಲಿರಲಿಲ್ಲ. ಹಿಂದಿನ ಸೈಟಿನಲ್ಲಿ, ಬೋಳು ನೆಲದ ಅಂಚಿನಲ್ಲಿ, ದಪ್ಪ ಟಾರ್ಪಾಲಿನ ತುದಿಗೆ ಕಲ್ಲು ಹೇರುತ್ತಿದ್ದಳು. ಪೀಪಿ ಓಡಿಹೋಗಿ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು.

“ಇಳಿಯುತ್ತಂತಾ?”

“ಇಳಿಯುತ್ತಂತೆ.”

“ಡಾಕ್ಟ್ರೇ ಅಂದ್ರಂತಾ?”

“ಡಾಕ್ಟ್ರೇ.”

ಅಜ್ಜಿ ಕಲ್ಲಿನ ಮೇಲೆ ಕುಸಿದು ಕೂತಳು. ಭುಜಗಳು ಅಲುಗುತ್ತಿದ್ದವು. ಅಜ್ಜಿ ಅಳುವುದನ್ನು ಪೀಪಿ ಇದುವರೆಗೆ ನೋಡಿರಲಿಲ್ಲ. ತೋಟ ಹೋದಾಗಲೂ ಅಳದ ಅಜ್ಜಿ. ಅಂದು ಅಡುಗೆಮನೆಯಲ್ಲಿ ನಿಂತುಕೊಂಡೇ ಸೊಪ್ಪು ತಿಂದಾಗ ಆ ಕಣ್ಣಲ್ಲಿ ಇದ್ದದ್ದು ಕೋಪ ಎಂದುಕೊಂಡಿದ್ದಳು ಪೀಪಿ. ಕೋಪವಲ್ಲ ಅದು. ಕತ್ತಲಲ್ಲಿ ಒಬ್ಬಳೇ ನೀರು ಕುಡಿಯಲು ಎದ್ದಾಗ, ಏನೂ ಇಲ್ಲ, ಏನೂ ಇಲ್ಲ ಎಂದು ಜೋರಾಗಿ ಹೇಳಿಕೊಳ್ಳುತ್ತಾಳಲ್ಲ ತಾನು, ಅಂಥದ್ದೇ ಭಯ.

ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಎದ್ದು ನಲ್ಲಿಯ ಹತ್ತಿರ ಹೋದಳು. ಸೋಪು ಹಚ್ಚಿ ಉಗುರುಸಂದಿಯ ಮಣ್ಣನ್ನು ಉಜ್ಜತೊಡಗಿದಳು. ಉಜ್ಜಿದಳು, ಮತ್ತೆ ಉಜ್ಜಿದಳು. ಕೈ ಯಾವಾಗಲೋ ಶುಭ್ರವಾಗಿತ್ತು. ಪೀಪಿ ಸಾಕು ಎನ್ನಲಿಲ್ಲ. ಮಗ್ಗಿನಲ್ಲಿ ನೀರು ಹಿಡಿದು, ಅಜ್ಜಿ ಕೈ ಒಡ್ಡಿದಷ್ಟು ಹೊತ್ತೂ, ನಿಧಾನವಾಗಿ ಹೊಯ್ಯುತ್ತ ನಿಂತಳು.